ಗೋಡೆ ಹತ್ತುವ ನೀರು, ತಡೆಯುವ ಕಲ್ಲು

ಇಟ್ಟಿಗೆ ಗೋಡೆಯ ಬುಡಕ್ಕೇ ಹೂವಿನ ಪಾತಿ ಮಾಡಿಕೊಂಡ ಮನೆಗಳು ಬೆಂಗಳೂರು, ಮೈಸೂರುಗಳ ಯಾವ ಬಡಾವಣೆಗೆ ಹೋದರೂ ಸಿಗುತ್ತವೆ. ಮನೆಗೂ ಕಾಂಪೌಂಡಿಗೂ ನಡುವೆ ಉಳಿದ ಎರಡು ಮೂರು ಅಡಿ ಜಾಗದಲ್ಲಿ ದಾಸವಾಳ, ಕನಕಾಂಬರ, ಒಂದು ತುಳಸಿ, ಕಿಟಕಿಯ ಸರಳಿಗೆ ಹಬ್ಬಿಸಿದ ಮಲ್ಲಿಗೆ. ಮಳೆ ನಿಂತು ವಾರಗಳು ಕಳೆದ ಮೇಲೆ, ಡಿಸೆಂಬರ್‌ನಲ್ಲೋ ಜನವರಿಯಲ್ಲೋ, ಇಂಥದೊಂದು ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ನೆಲಕ್ಕೆ ತಾಗಿದ ಭಾಗ ತೇವದಿಂದ ಕಪ್ಪಗಾಗಿರುತ್ತದೆ, ಆದರೂ ಬಣ್ಣ ಅಂಟಿಕೊಂಡೇ ಇರುತ್ತದೆ. ಅದರಿಂದ ಮೇಲಕ್ಕೆ, ಮೊಣಕಾಲಿನ ಎತ್ತರದಿಂದ ಸೊಂಟದವರೆಗೆ, ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿದಿರುತ್ತದೆ. ಬೆರಳು ತಾಗಿಸಿದರೆ ಗಾರೆ ಉದುರುತ್ತದೆ. ಉದುರಿದ ಕಡೆ ಬಿಳಿಯ ಪುಡಿ, ಹತ್ತಿರದಿಂದ ನೋಡಿದರೆ ನವಿರಾದ ಹರಳುಗಳು. ಇನ್ನೂ ಮೇಲೆ ಹೋದರೆ ಗೋಡೆ ಮತ್ತೆ ಹೊಸದು.

ಮನೆಯವರು ಇದನ್ನು ‘ಗೋಡೆಗೆ ಉಪ್ಪು ಬಂದಿದೆ’ ಅನ್ನುತ್ತಾರೆ. ಮಾತು ಸರಿಯಾಗಿದೆ. ಆದರೆ ಹಾಳಾದ ಜಾಗ ಮಾತ್ರ ವಿಚಿತ್ರ. ಮಳೆ ಮೇಲಿನಿಂದ ಇಳಿದು ಕೆಡಿಸಿದ್ದರೆ ಮೇಲುಗಡೆ ಕೆಡಬೇಕಿತ್ತು. ನೆಲದ ತೇವ ಕೆಡಿಸಿದ್ದರೆ ನೆಲಕ್ಕೆ ತಾಗಿದ ಭಾಗವೇ ಮೊದಲು ಕೆಡಬೇಕಿತ್ತು. ನಡುವೆ ಒಂದು ಪಟ್ಟಿ ಮಾತ್ರ ಏಕೆ?

ಪಾತಿಗೆ ಯಾವ ಕಲ್ಲು ಹಾಕಿಸೋಣ ಎಂದು ಕೇಳುವವರು ಸಾಮಾನ್ಯವಾಗಿ ಬಣ್ಣದ ಮಾತಾಡುತ್ತಾರೆ. ಕೆಂಪು ಇಟ್ಟಿಗೆಗೆ ಬೂದುಗಲ್ಲು ಒಪ್ಪುತ್ತದೆಯೇ, ಬಿಳಿ ಉರುಟುಗಲ್ಲು ಚೆನ್ನಾಗಿ ಕಾಣುತ್ತದೆಯೇ? ದಿನಾ ಕಣ್ಣಿಗೆ ಬೀಳುವ ಜಾಗ, ಚೆಂದ ಬೇಕೇ ಬೇಕು. ಆದರೆ ಗೋಡೆ ಮತ್ತು ಗಿಡ ಎರಡೂ ಚೆನ್ನಾಗಿರಬೇಕಾದರೆ ಕಲ್ಲಿನ ಬಣ್ಣಕ್ಕಿಂತ ಮೊದಲು ಕಲ್ಲಿನ ಒಳಗಿನ ಮತ್ತು ಕಲ್ಲುಗಳ ನಡುವಿನ ಸಂದುಗಳನ್ನು ನೋಡಬೇಕು. ಮೊಣಕಾಲೆತ್ತರದ ಆ ಉಪ್ಪಿನ ಪಟ್ಟಿ ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಕಲ್ಲಿನ ಆಯ್ಕೆ ಅರ್ಧ ಮುಗಿದ ಹಾಗೆ.

ಬತ್ತಿಯ ಲೆಕ್ಕ

ದೇವರ ದೀಪಕ್ಕೆ ಎಣ್ಣೆ ಹೊಯ್ದು ಹತ್ತಿಯ ಬತ್ತಿ ಇಟ್ಟರೆ ಎಣ್ಣೆ ತಾನಾಗಿ ಬತ್ತಿಯ ತುದಿಗೆ ಹತ್ತುತ್ತದೆ. ಅದನ್ನು ಯಾರೂ ಮೇಲಕ್ಕೆ ತಳ್ಳುವುದಿಲ್ಲ. ಹತ್ತಿಯ ಎಳೆಗಳ ನಡುವಿನ ಕಿರಿದಾದ ಸಂದುಗಳೇ ಅದನ್ನು ಎಳೆದುಕೊಳ್ಳುತ್ತವೆ. ತುದಿಯಲ್ಲಿ ಎಣ್ಣೆ ಉರಿದು ಖರ್ಚಾದಷ್ಟೂ ಕೆಳಗಿನಿಂದ ಹೊಸ ಎಣ್ಣೆ ಬರುತ್ತಿರುತ್ತದೆ. ಇಟ್ಟಿಗೆ ಗೋಡೆಯೂ ಹೂವಿನ ಪಾತಿಯಲ್ಲಿ ಕಾಲಿಟ್ಟು ನಿಂತ ಒಂದು ಬತ್ತಿಯೇ. ಈ ಅಧ್ಯಾಯದುದ್ದಕ್ಕೂ ಇದೊಂದು ಚಿತ್ರ ಮನಸ್ಸಿನಲ್ಲಿರಲಿ.

ಸೆಳೆತ ಹುಟ್ಟುವುದು ಹೀಗೆ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಾಜು, ಮಣ್ಣು, ಸುಟ್ಟ ಇಟ್ಟಿಗೆ ಇವುಗಳ ಮೈಗೂ ಗಟ್ಟಿಯಾಗಿ ಅಂಟುತ್ತವೆ. ಕಿರಿದಾದ ಕೊಳವೆಯಲ್ಲಿ ಅಂಚಿನ ನೀರು ಗೋಡೆಗೆ ಅಂಟಿ ತುಸು ಮೇಲೇರುತ್ತದೆ, ಏರುವಾಗ ಪಕ್ಕದ ನೀರನ್ನೂ ಎಳೆದುಕೊಳ್ಳುತ್ತದೆ. ಮೇಲೆತ್ತಿದ ನೀರಿನ ಭಾರ ಈ ಎಳೆತಕ್ಕೆ ಸಮನಾದಾಗ ಏರಿಕೆ ನಿಲ್ಲುತ್ತದೆ. ಕೊಳವೆ ಕಿರಿದಾದಷ್ಟೂ ಎತ್ತಬೇಕಾದ ನೀರು ಕಡಿಮೆ, ಅಂಟಿಕೊಳ್ಳುವ ಮೈ ಅದಕ್ಕೆ ಹೋಲಿಸಿದರೆ ಹೆಚ್ಚು, ಹಾಗಾಗಿ ಏರಿಕೆಯೂ ಹೆಚ್ಚು. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಲೋಮನಾಳ ಕ್ರಿಯೆ ಎಂಬ ಹೆಸರಿದೆ, ಎಂಜಿನಿಯರುಗಳು ಕ್ಯಾಪಿಲರಿ ಅನ್ನುತ್ತಾರೆ. ನಾವು ಸಂದಿನ ಸೆಳೆತ ಎಂದು ಕರೆಯೋಣ.

ಕೊಳವೆಯ ಅಗಲಕ್ಕೂ ಏರಿಕೆಗೂ ಇರುವ ಈ ನಂಟನ್ನು 18ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ ಗಾಜಿನ ಕೊಳವೆಗಳಲ್ಲಿ ಅಳೆದು ಹೇಳಿದ. ಅಗಲ ಅರ್ಧವಾದರೆ ಎತ್ತರ ಎರಡರಷ್ಟು. 1 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕಿರಿದಾದರೆ 30 ಸೆಂಟಿಮೀಟರ್, ಅಂದರೆ ಒಂದು ಅಡಿ. ನೂರನೇ ಒಂದು ಭಾಗವಾದರೆ 3 ಮೀಟರ್, ಒಂದು ಅಂತಸ್ತಿನ ಮನೆಯ ಎತ್ತರ. ಚೆನ್ನಾಗಿ ಸುಟ್ಟ ಇಟ್ಟಿಗೆಯ ಬಹುಪಾಲು ಸಂದುಗಳು ಇದಕ್ಕಿಂತಲೂ ಕಿರಿದು.

ಹಾಗಾದರೆ ನೆಲದ ನೀರು ತಾರಸಿಯವರೆಗೂ ಹತ್ತಬೇಕಲ್ಲವೇ? ಹತ್ತುವುದಿಲ್ಲ. ಗೋಡೆಯ ಮೈಯಿಂದ ಬಿಸಿಲು, ಗಾಳಿ ನೀರನ್ನು ಕಸಿದುಕೊಳ್ಳುತ್ತಲೇ ಇರುತ್ತವೆ. ಕಿರಿದಾದ ಸಂದುಗಳಲ್ಲಿ ನೀರಿನ ನಡಿಗೆ ಬಹಳ ನಿಧಾನ, ದಾರಿ ಉದ್ದವಾದಷ್ಟೂ ಇನ್ನೂ ನಿಧಾನ. ಕೆಳಗಿನಿಂದ ಬರುವಷ್ಟೇ ನೀರು ಗಾಳಿಗೆ ಹೋಗುವ ಎತ್ತರದಲ್ಲಿ ಏರಿಕೆ ನಿಲ್ಲುತ್ತದೆ. ಸಾಮಾನ್ಯ ಮನೆಗಳಲ್ಲಿ ಆ ಎತ್ತರ ಹೆಚ್ಚುಕಡಿಮೆ ಮೂರು ಅಡಿಯ ಆಸುಪಾಸು.

ಉಪ್ಪಿನ ಪಟ್ಟಿ

ನೀರು ಒಂಟಿಯಾಗಿ ಹತ್ತುವುದಿಲ್ಲ. ಪಾತಿಯ ಮಣ್ಣಿನ ಲವಣಗಳು, ಹಾಕಿದ ಗೊಬ್ಬರದ ನೈಟ್ರೇಟು, ಬೋರ್‌ವೆಲ್ ನೀರಿನ ಸುಣ್ಣದ ಅಂಶ, ಇಟ್ಟಿಗೆ ಮತ್ತು ಸಿಮೆಂಟಿನೊಳಗೇ ಇದ್ದ ಸಲ್ಫೇಟು, ಎಲ್ಲವನ್ನೂ ಕರಗಿಸಿಕೊಂಡು ಹತ್ತುತ್ತದೆ. ಗೋಡೆಯ ಬುಡದಲ್ಲಿ ನೀರಿನ ಪೂರೈಕೆ ಸದಾ ಧಾರಾಳ. ಸಂದುಗಳು ತುಂಬಿಯೇ ಇರುವುದರಿಂದ ಉಪ್ಪು ಕರಗಿಯೇ ಇರುತ್ತದೆ, ಬಣ್ಣಕ್ಕೆ ಅಷ್ಟು ಕೇಡಿಲ್ಲ. ಮೇಲೇರಿದಂತೆ ಪೂರೈಕೆ ಕುಗ್ಗಿ, ನೀರು ಆವಿಯಾಗಿ ಹೋಗುವ ಜಾಗದಲ್ಲಿ ಉಪ್ಪು ಹಿಂದೆ ಉಳಿಯುತ್ತದೆ. ಬತ್ತಿಯಲ್ಲಿ ಎಣ್ಣೆ ಖರ್ಚಾಗುವುದು ತುದಿಯಲ್ಲಿ ತಾನೇ, ಕರಿ ಕಟ್ಟುವುದೂ ಅಲ್ಲಿಯೇ.

ಉಪ್ಪು ಗೋಡೆಯ ಹೊರಮೈಯಲ್ಲಿ ಹರಳುಗಟ್ಟಿದರೆ ಬಿಳಿ ಪುಡಿಯಷ್ಟೆ, ಪೊರಕೆಯಲ್ಲಿ ಗುಡಿಸಬಹುದು. ಬಣ್ಣದ ಹಿಂದೆ ಅಥವಾ ಗಾರೆಯ ಒಳಗೆ ಹರಳುಗಟ್ಟಿದಾಗ ಕಷ್ಟ. ಇಕ್ಕಟ್ಟಾದ ಸಂದಿನೊಳಗೆ ಹರಳು ಬೆಳೆಯುತ್ತಾ ಸುತ್ತಲಿನ ಗೋಡೆಯನ್ನು ಒತ್ತುತ್ತದೆ. ಮಳೆಗಾಲದಲ್ಲಿ ಕರಗಿ, ಬೇಸಗೆಯಲ್ಲಿ ಮತ್ತೆ ಹರಳಾಗಿ, ವರ್ಷದಿಂದ ವರ್ಷಕ್ಕೆ ಒತ್ತುತ್ತಲೇ ಇದ್ದರೆ ಇಟ್ಟಿಗೆಯ ಮುಖವೇ ಹಪ್ಪಳೆ ಏಳುತ್ತದೆ.

ಇಟ್ಟಿಗೆಯನ್ನು ಪರೀಕ್ಷಿಸುವ ಭಾರತೀಯ ಮಾನಕದಲ್ಲಿ ಈ ಇಡೀ ನಾಟಕವನ್ನು ಒಂದು ತಟ್ಟೆಯಲ್ಲಿ ಆಡಿಸುವ ವಿಧಾನವಿದೆ. ಆಳವಿಲ್ಲದ ತಟ್ಟೆಯಲ್ಲಿ ಶುದ್ಧ ನೀರು ಹಾಕಿ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಅದರ ಕಾಲು 25 ಮಿಲಿಮೀಟರಿನಷ್ಟು ಮಾತ್ರ ನೀರಿನಲ್ಲಿ. ಗಾಳಿಯಾಡುವ ಕೋಣೆಯಲ್ಲಿಟ್ಟು ನೀರೆಲ್ಲ ಇಟ್ಟಿಗೆಗೆ ಹತ್ತಿ ಆವಿಯಾಗುವವರೆಗೆ ಕಾಯುತ್ತಾರೆ. ಮತ್ತೊಮ್ಮೆ ಅಷ್ಟೇ ನೀರು ಹಾಕಿ ಮತ್ತೆ ಒಣಗಿಸುತ್ತಾರೆ. ಆಮೇಲೆ ಇಟ್ಟಿಗೆಯ ಮೈಯಲ್ಲಿ ಎಷ್ಟು ಭಾಗ ಬೆಳ್ಳಗಾಗಿದೆ ಎಂದು ನೋಡುವುದು. ಹತ್ತರಲ್ಲಿ ಒಂದು ಭಾಗದವರೆಗೆ ಇದ್ದರೆ ‘ಅಲ್ಪ’, ಅರ್ಧದವರೆಗೆ ಇದ್ದರೆ ‘ಮಧ್ಯಮ’, ಅದಕ್ಕೂ ಮೀರಿದರೆ ‘ಭಾರಿ’. ಮೈ ಪುಡಿಯಾಗಿ ಉದುರಲು ಶುರುವಾದರೆ ‘ಗಂಭೀರ’. ಮನೆ ಕಟ್ಟಿಸುವವರು ಇಟ್ಟಿಗೆಯ ಲೋಡು ಇಳಿಸಿಕೊಳ್ಳುವ ಮೊದಲು ಒಂದೆರಡನ್ನು ಊಟದ ತಟ್ಟೆಯಲ್ಲಿ ಹೀಗೆ ನಿಲ್ಲಿಸಿ ನೋಡಬಹುದು. ಖರ್ಚಿಲ್ಲದ ಪರೀಕ್ಷೆ, ಮಾಡಿದರೆ ಮುಂದಿನ ಎಷ್ಟೋ ಸಂಕಟ ತಪ್ಪುತ್ತದೆ.

ಇಟ್ಟಿಗೆ ಎಷ್ಟು ನೀರು ಹೀರಬಹುದು ಎಂಬುದಕ್ಕೂ ಮಿತಿ ಇದೆ. ಸಾಮಾನ್ಯ ದರ್ಜೆಯ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ಹೀರಬಾರದು. ಅಂದರೆ 3 ಕೆ.ಜಿ. ತೂಗುವ ಇಟ್ಟಿಗೆ ನಿಯಮದ ಒಳಗೇ ಇದ್ದುಕೊಂಡು ಅರ್ಧ ಲೀಟರಿಗೂ ಹೆಚ್ಚು ನೀರು ಹಿಡಿಯಬಲ್ಲದು. ಒಳ್ಳೆಯ ಗ್ರಾನೈಟು ಹೀರುವುದು ಶೇ. 1ಕ್ಕೂ ಕಡಿಮೆ.

ಉಪ್ಪು ಬಂದ ಗೋಡೆಗೆ ಬುಡದಿಂದ ಮೂರಡಿ ಟೈಲ್ಸ್ ಅಂಟಿಸುವುದು, ವಾಟರ್‌ಪ್ರೂಫ್ ಪೇಂಟು ಬಳಿಸುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ದಯವಿಟ್ಟು ಮಾಡಬೇಡಿ. ಟೈಲ್ಸ್ ಕೆಳಗಿನಿಂದ ಬರುವ ನೀರನ್ನು ತಡೆಯುವುದಿಲ್ಲ, ಅದು ಆವಿಯಾಗಿ ಹೊರಗೆ ಹೋಗುವ ದಾರಿಯನ್ನು ಮಾತ್ರ ಮುಚ್ಚುತ್ತದೆ. ನೀರು ಟೈಲ್ಸಿನ ಹಿಂದೆ ಇನ್ನೂ ಮೇಲೆ ಹತ್ತಿ, ನಾಲ್ಕನೇ ಅಡಿಯಲ್ಲಿ ಹೊಸ ಪಟ್ಟಿ ಶುರುಮಾಡುತ್ತದೆ. ಇಲ್ಲವೇ ಒಳಕೋಣೆಯ ಕಡೆಗೆ ತಿರುಗುತ್ತದೆ.

ಸಣ್ಣ ಸಂದು ಬಿಡದು

ಇನ್ನು ಕಲ್ಲಿನ ವಿಷಯಕ್ಕೆ ಬರೋಣ. ಹೂಕುಂಡದ ತಳಕ್ಕೆ ಒಂದು ಪದರ ಜಲ್ಲಿ ಅಥವಾ ಹೆಂಚಿನ ಚೂರು ಹಾಕಿ ಮೇಲೆ ಮಣ್ಣು ತುಂಬುವುದು ನಮ್ಮಲ್ಲಿ ರೂಢಿ. ಹೆಚ್ಚಿನ ನೀರು ಸಲೀಸಾಗಿ ಬಸಿದುಹೋಗಲಿ ಎಂದು. ವಾಸ್ತವದಲ್ಲಿ ನೀರು ಮಣ್ಣಿನಿಂದ ಜಲ್ಲಿಗೆ ಇಳಿಯಲು ಒಪ್ಪುವುದೇ ಇಲ್ಲ. ಮಣ್ಣಿನ ಸಣ್ಣ ಸಂದು ನೀರನ್ನು ಬಿಗಿಯಾಗಿ ಹಿಡಿದಿದೆ, ಕೆಳಗಿನ ಜಲ್ಲಿಯ ದೊಡ್ಡ ಸಂದಿಗೆ ಎಳೆದುಕೊಳ್ಳುವ ಶಕ್ತಿ ಇಲ್ಲ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ತುಂಬಿ, ಹಿಡಿದಿಡಲಾರದೆ ಬಿಟ್ಟಾಗ ಮಾತ್ರ ಹನಿ ಕೆಳಗಿಳಿಯುತ್ತದೆ. ಅಲ್ಲಿಯವರೆಗೆ ಜಲ್ಲಿಯ ತಲೆಯ ಮೇಲೆ ಒಂದು ಕೊಚ್ಚೆಯ ಪದರ ನಿಂತೇ ಇರುತ್ತದೆ, ಬೇರು ಕೊಳೆಯುವುದು ಅಲ್ಲಿ. ಕುಂಡದ ತೂತು ಮುಚ್ಚದ ಹಾಗೆ ಒಂದು ಹೆಂಚಿನ ತುಂಡು ಸಾಕು.

ಕಳೆದ ಶತಮಾನದ ಮಧ್ಯದಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ವಾಲ್ಟರ್ ಗಾರ್ಡ್ನರ್ ಇದನ್ನು ಚಲನಚಿತ್ರದಲ್ಲಿ ಸೆರೆಹಿಡಿದರು. ಗಾಜಿನ ಹಿಂದೆ ಮಣ್ಣು ತುಂಬಿ, ನಡುವೆ ಒರಟು ಮರಳಿನ ಪದರ ಇಟ್ಟು, ನೀರು ಇಳಿಯುವುದನ್ನು ಬಿಟ್ಟು ಬಿಟ್ಟು ಚಿತ್ರಿಸಿದರು. ನೀರಿನ ಅಂಚು ಒರಟು ಪದರವನ್ನು ಮುಟ್ಟಿದಾಗ ನಿಂತುಬಿಡುತ್ತದೆ, ಅಕ್ಕಪಕ್ಕಕ್ಕೆ ಹರಡುತ್ತದೆ, ಬಹಳ ಹೊತ್ತು ಕೆಳಗಿಳಿಯುವುದಿಲ್ಲ. ನೋಡುವವರಿಗೆಲ್ಲ ಅಚ್ಚರಿ ತಂದ ಚಿತ್ರ ಅದು, ಮಣ್ಣಿನ ಪಾಠಗಳಲ್ಲಿ ದಶಕಗಳ ಕಾಲ ತೋರಿಸಲಾಯಿತು.

ಒಟ್ಟು ನಿಯಮ ಇಷ್ಟೆ: ದೊಡ್ಡ ಸಂದಿನ ನೀರನ್ನು ಸಣ್ಣ ಸಂದು ಎಳೆದುಕೊಳ್ಳುತ್ತದೆ, ಸಣ್ಣ ಸಂದಿನಲ್ಲಿರುವುದನ್ನು ದೊಡ್ಡದು ಎಳೆಯಲಾರದು. ಮೇಲಕ್ಕೂ ಇದೇ, ಕೆಳಕ್ಕೂ ಇದೇ, ಪಕ್ಕಕ್ಕೂ ಇದೇ. ಪಾತಿಯ ಮಣ್ಣಿಗಿಂತ ಇಟ್ಟಿಗೆಯ ಸಂದು ಕಿರಿದು, ಹಾಗಾಗಿ ಒದ್ದೆಮಣ್ಣು ತಾಗಿದ ಗೋಡೆ ಮಣ್ಣಿನಿಂದ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಎರಡರ ನಡುವೆ ದೊಡ್ಡ ಸಂದುಗಳ ಒಂದು ಪದರ ಬಂದರೆ ಆ ನಂಟು ಕಡಿಯುತ್ತದೆ. ಮುಕ್ಕಾಲು ಇಂಚಿನ ಜಲ್ಲಿಯ ನಡುವಿನ ಸಂದುಗಳು ನಾಲ್ಕೈದು ಮಿಲಿಮೀಟರ್ ಇರುತ್ತವೆ. ಜುರಿನ್ ಲೆಕ್ಕದಲ್ಲಿ ಅಲ್ಲಿ ನೀರು ಅರ್ಧ ಸೆಂಟಿಮೀಟರಿಗೆ ತುಸು ಮೇಲಷ್ಟೇ ಏರೀತು. ಬತ್ತಿಯನ್ನು ನಡುವೆ ಕತ್ತರಿಸಿದರೆ ಮೇಲಿನ ತುಂಡಿಗೆ ಎಣ್ಣೆ ಬಾರದಲ್ಲ, ಜಲ್ಲಿಯ ಕೆಲಸ ಅದು.

ನೆಲ ಹಾಕುವ ಮೊದಲು ನಮ್ಮ ಮೇಸ್ತ್ರಿಗಳು ಬೋಲ್ಡರ್ ಸೋಲಿಂಗ್ ಎಂದು ದಪ್ಪ ಕಲ್ಲುಗಳನ್ನು ಹಾಸುತ್ತಾರೆ. ನೆಲ ಕುಸಿಯದಿರಲಿ ಎಂಬುದು ಅದರ ಒಂದು ಕಾರಣ. ಕೆಳಗಿನ ತೇವ ನೆಲಕ್ಕೆ ಹತ್ತದಂತೆ ಕಡಿಯುವುದು ಇನ್ನೊಂದು. ಕಲ್ಲುಗಳ ನಡುವೆ ಮಣ್ಣು, ಎಂ-ಸ್ಯಾಂಡ್ ತುಂಬಿ ಜಡಿದುಬಿಟ್ಟರೆ ಎರಡನೆಯ ಕೆಲಸ ಅಲ್ಲಿಗೆ ಮುಗಿಯಿತು.

ಗೋಡೆಯ ಪಕ್ಕದ ಒಂದೂವರೆ ಅಡಿ

ಪಾತಿಯನ್ನು ಗೋಡೆಗೆ ತಾಗಿಸದೆ ಒಂದೂವರೆ ಅಡಿ ದೂರ ಸರಿಸಿ, ಆ ಜಾಗವನ್ನು ಜಲ್ಲಿಗೆ ಬಿಡುವುದು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ನಿರ್ಧಾರ. ಇಷ್ಟು ಕಿರಿದಾದ ಜಾಗದಲ್ಲಿ ಒಂದೂವರೆ ಅಡಿ ಕಳೆದುಕೊಳ್ಳುವುದು ಗಿಡ ಪ್ರೀತಿಸುವವರಿಗೆ ನೋವಿನ ಮಾತು, ಗೊತ್ತು. ಅಷ್ಟಾಗದಿದ್ದರೆ ಒಂದು ಅಡಿಯಾದರೂ ಇರಲಿ.

ಹಾಕಬೇಕಾದ ಜಲ್ಲಿ ಮುಕ್ಕಾಲು ಇಂಚಿನದು ಅಥವಾ ಒಂದೂವರೆ ಇಂಚಿನದು, ಒಂದೇ ಗಾತ್ರದ್ದು, ತೊಳೆದದ್ದು. ಕ್ರಷರಿನಿಂದ ನೇರ ಬರುವ ಲೋಡಿನಲ್ಲಿ ಡಸ್ಟ್ ಬೆರೆತಿರುತ್ತದೆ. ಆ ಪುಡಿ ಕಲ್ಲುಗಳ ನಡುವೆ ಕೂತು ದೊಡ್ಡ ಸಂದುಗಳನ್ನೆಲ್ಲ ಸಣ್ಣದು ಮಾಡಿ, ಕಡಿದ ಬತ್ತಿಯನ್ನು ಮತ್ತೆ ಜೋಡಿಸುತ್ತದೆ. ಹಿಡಿ ಜಲ್ಲಿಯನ್ನು ಬಕೆಟ್ಟಿನ ನೀರಿಗೆ ಹಾಕಿ ಕಲಕಿ ನೋಡಿ, ನೀರು ಬೂದಿಬಣ್ಣಕ್ಕೆ ತಿರುಗಿ ಕೈ ಕಾಣದಷ್ಟಾದರೆ ತೊಳೆಯದೆ ಬಳಸಬೇಡಿ. ಇದಕ್ಕಿಂತ ಸಣ್ಣದಾದ ಬೇಬಿ ಜಲ್ಲಿ ಕಾಲಿಗೆ ಹಿತ, ನೋಡಲು ಅಂದ, ಆದರೆ ಈ ಪಟ್ಟಿಗೆ ಬೇಡ. ಮರಳಂತೂ ಬೇಡವೇ ಬೇಡ.

ಪಟ್ಟಿಯ ತಳದ ನೆಲ ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು, ಕೊನೆಯಲ್ಲಿ ನೀರು ಹೊರಹೋಗುವ ದಾರಿ ಇರಬೇಕು. ದಾರಿ ಇಲ್ಲದೆ ಗುಂಡಿ ತೋಡಿ ಜಲ್ಲಿ ತುಂಬಿದರೆ ಗೋಡೆಯ ಬುಡಕ್ಕೆ ನಾವೇ ಒಂದು ನೀರಿನ ತೊಟ್ಟಿ ಕಟ್ಟಿಕೊಟ್ಟಂತೆ. ಅರ್ಧ ಅಡಿ ಆಳ ಸಾಕು, ತಳಪಾಯದ ಕಲ್ಲು ಕಾಣುವಷ್ಟು ತೋಡುವುದು ಅಪಾಯ. ಪಾತಿಯ ಮಣ್ಣು ಜಲ್ಲಿಗೆ ಜಾರಿ ಬಾರದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿದರೆ ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ಹಾಕಿದರೆ ಅದರ ಮೇಲೆ ನೀರು ನಿಲ್ಲುತ್ತದೆ.

ಮಟ್ಟದ ಮಾತು ಇದಕ್ಕಿಂತ ದೊಡ್ಡದು. ಸರಿಯಾಗಿ ಕಟ್ಟಿದ ಮನೆಯಲ್ಲಿ ತಳಪಾಯ ಮುಗಿದು ಇಟ್ಟಿಗೆ ಶುರುವಾಗುವ ಕಡೆ ನೀರು ದಾಟದ ಒಂದು ಪದರ ಇರುತ್ತದೆ, ಮೇಸ್ತ್ರಿಗಳ ಬಾಯಲ್ಲಿ ಡಿಪಿಸಿ. ತಳಪಾಯದ ಸೈಜುಗಲ್ಲು ಗ್ರಾನೈಟೇ ಆದರೂ ಕಲ್ಲುಗಳ ನಡುವಿನ ಗಾರೆಯಲ್ಲಿ ನೀರು ಹತ್ತಿ ಬರುತ್ತದೆ. ಅದನ್ನು ಇಟ್ಟಿಗೆಗೆ ಮುಟ್ಟದಂತೆ ತಡೆಯುವುದು ಈ ಪದರದ ಕೆಲಸ. ಹೂಪಾತಿಗೆ ಗೊಬ್ಬರ, ಕೆಂಪುಮಣ್ಣು, ಎಲೆಗೊಬ್ಬರ ಎಂದು ವರ್ಷವರ್ಷವೂ ಪೇರಿಸುತ್ತಾ ಪಾತಿಯ ಮಣ್ಣು ಡಿಪಿಸಿಯ ಮೇಲಕ್ಕೆ ಬಂದುಬಿಡುತ್ತದೆ. ಆಗ ಎಷ್ಟು ಒಳ್ಳೆಯ ಡಿಪಿಸಿ ಇದ್ದರೂ ನೀರು ಅದನ್ನು ಬಳಸಿಕೊಂಡು ನೇರ ಇಟ್ಟಿಗೆಗೆ ಹೋಗುತ್ತದೆ. ಮಣ್ಣೇ ಇರಲಿ ಜಲ್ಲಿಯೇ ಇರಲಿ, ಅದರ ಮೇಲ್ಮಟ್ಟ ಡಿಪಿಸಿಗಿಂತ ಅರ್ಧ ಅಡಿಯಾದರೂ ಕೆಳಗಿರಬೇಕು.

ಜಲ್ಲಿಯ ಪಟ್ಟಿಗೆ ಇನ್ನೊಂದು ಕೆಲಸವೂ ಇದೆ. ದೊಡ್ಡ ಮಳೆಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ 9 ಮೀಟರಿನಷ್ಟು. ಬರಿಮಣ್ಣಿಗೆ ಬಡಿದರೆ ಕೆಸರು ಎರಡು ಅಡಿಯವರೆಗೆ ಸಿಡಿಯುತ್ತದೆ, ಗೋಡೆಯ ಬುಡದ ಕೆಂಪು ಕಲೆ ಅದರದೇ. ನುಣುಪಾದ ಚಪ್ಪಡಿ ಹಾಸಿದರೆ ಕೆಸರು ಇರುವುದಿಲ್ಲ, ನೀರು ಮಾತ್ರ ಅಷ್ಟೇ ಜೋರಾಗಿ ಗೋಡೆಗೆ ಎರಚುತ್ತದೆ. ಜಲ್ಲಿಯ ಮೇಲೆ ಬಿದ್ದ ಹನಿ ಅಡ್ಡಾದಿಡ್ಡಿ ಮುಖಗಳಿಗೆ ಬಡಿದು ಒಡೆದು ಸಂದುಗಳಿಗೆ ಇಳಿದುಹೋಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಎರಚಲು ತಡೆಯಲು ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದುಂಟು. ಜಪಾನಿನ ಹಳೆಯ ದೇವಾಲಯಗಳಲ್ಲಿ ಸೂರಿನ ನೀರು ಬೀಳುವ ಗೆರೆಗೆ ಸರಿಯಾಗಿ ನೆಲದಲ್ಲಿ ಉರುಟುಗಲ್ಲಿನ ಪಟ್ಟಿ ಹಾಸಿರುತ್ತಾರೆ. ಗೆದ್ದಲಿನ ಕಾಟ ಇರುವ ಕಡೆ ಒಣಗಿದ ಜಲ್ಲಿಯ ಪಟ್ಟಿಯಿಂದ ಮತ್ತೊಂದು ಲಾಭ: ಪಾತಿಯ ಮಣ್ಣಿನ ಮರೆಯಿಲ್ಲದೆ ಗೆದ್ದಲು ಗೋಡೆಗೆ ಹತ್ತಬೇಕಾದರೆ ಮಣ್ಣಿನ ಗೂಡುದಾರಿ ಕಟ್ಟಲೇಬೇಕು, ಅದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಅಂಚಿಗೆ ಯಾವ ಕಲ್ಲು

ಪಾತಿಯ ಅಂಚಿಗೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಸಾದಹಳ್ಳಿಯ ಬೂದುಗಲ್ಲೋ, ಊರ ಪಕ್ಕದ ಕ್ವಾರಿಯ ಸೈಜುಗಲ್ಲೋ ಸಾಕು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಈ ಸೀಮೆಯ ನೆಲದಡಿಯ ಕಲ್ಲೆಲ್ಲ ಬಹುಪಾಲು ಅದರ ಬಳಗದ್ದೇ. ಭೂಮಿಯ ಆಳದಲ್ಲಿ ಬೆಂದು ಒತ್ತಿ ಹರಳು ಹರಳಿಗೆ ಹೆಣೆದುಕೊಂಡಿರುವುದರಿಂದ ಒಳಗೆ ಸಂದುಗಳೇ ಇಲ್ಲವೆನ್ನಬಹುದು. ನೀರು ಹೀರದು, ಮಣ್ಣಿಗೆ ಏನನ್ನೂ ಬಿಡದು.

ಕರಾವಳಿಯ ಕೆಂಪುಕಲ್ಲು, ಅಂದರೆ ಮುರಕಲ್ಲು ಅಥವಾ ಜಂಬಿಟ್ಟಿಗೆ, ಇದಕ್ಕೆ ತದ್ವಿರುದ್ಧ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಫ್ರಾನ್ಸಿಸ್ ಬುಕನನ್ ಮಲಬಾರಿನ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗಿದ್ದಾಗ ಕೊಡಲಿಯಲ್ಲಿ ಕತ್ತರಿಸುವಷ್ಟು ಮೆದು, ಗಾಳಿಗೆ ಬಂದರೆ ಗಟ್ಟಿ. ಕಣ್ಣಿಗೆ ಕಾಣುವ ದೊಡ್ಡ ತೂತುಗಳ ಜೊತೆ ಕಾಣದ ಸಣ್ಣ ಸಂದುಗಳೂ ಅದರಲ್ಲಿ ತುಂಬಿವೆ, ತೂಕದ ಶೇ. 12ರವರೆಗೆ ನೀರು ಹಿಡಿಯಲು ಮಾನಕದಲ್ಲೇ ಅವಕಾಶವಿದೆ. ಅದರ ಮೇಲೆ ಪಾಚಿ ಬೆಳೆದು ಹಸಿರಾದಾಗಿನ ಚೆಂದ ಬೇರೆ ಯಾವ ಕಲ್ಲಿಗೂ ಬಾರದು, ಅಂಚಿಗೆ ಖಂಡಿತ ಬಳಸಬಹುದು. ಅಂಚಿನ ಸಾಲು ತಿರುಗಿ ಗೋಡೆಯನ್ನು ಮುಟ್ಟುವ ಎರಡು ತುದಿಗಳಲ್ಲಿ ಮಾತ್ರ ಒಂದೊಂದು ಗ್ರಾನೈಟ್ ತುಂಡು ಇಡಬೇಕು, ಇಲ್ಲವಾದರೆ ಪಾತಿಯ ನೀರು ಕೆಂಪುಕಲ್ಲಿನ ಮೂಲಕವೇ ಗೋಡೆಗೆ ಸೇರುತ್ತದೆ.

ಶಹಾಬಾದ್ ಕಲ್ಲಿನ ತಕರಾರು ಗೋಡೆಯದಲ್ಲ, ಗಿಡದ್ದು. ಕಲಬುರಗಿ ಕಡೆಯ ಈ ನುಣುಪಾದ ಚಪ್ಪಡಿ ಸುಣ್ಣದ ಕಲ್ಲು, ಅದೇ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದು ಈ ಸುಣ್ಣದಕಲ್ಲಿನ ಬಲದಿಂದಲೇ. ಮಳೆನೀರಿಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ತುಸು ಹುಳಿ ಬಂದಿರುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ನಿಧಾನ ಕರಗಿ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಕ್ಷಾರ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ನರ್ಸರಿಯವರು ಇಕ್ಸೋರಾ ಎನ್ನುವ ಕೇಪಳ ಇದನ್ನು ಮೊದಲು ತೋರಿಸುತ್ತದೆ: ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇಂಥ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಎಲೆ ಹಸಿರಾಗದು. ಹೊಸ ಮನೆಯ ಪಾತಿಯಲ್ಲಿ ಕಟ್ಟುವಾಗ ಉದುರಿದ ಸಿಮೆಂಟ್ ಗಾರೆಯ ಉಂಡೆಗಳು ಹೂತಿರುತ್ತವೆ, ಅವೂ ಇದೇ ಕೇಡು ಮಾಡುತ್ತವೆ. ಗಿಡ ನೆಡುವ ಮೊದಲು ಒಂದು ಅಡಿ ಅಗೆದು ಅವನ್ನು ಆರಿಸಿ ಎಸೆಯಬೇಕು.

ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುವ ಬಿಳಿ ಚಿಪ್ಸು ಕೊಳ್ಳುವಾಗಲೂ ಇದು ನೆನಪಿರಲಿ. ಅಮೃತಶಿಲೆಯ ಚೂರಾದರೆ ಅದೂ ಸುಣ್ಣವೇ. ಬೆಣಚುಕಲ್ಲಾದರೆ ಏನೂ ಆಗದು. ಒಂದು ಚೂರನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಕಲ್ಲು. ಬೆಣಚಾದರೆ ಮೊಳೆಗೇ ಗೀರು ಬೀಳುತ್ತದೆ, ನಿಂಬೆರಸ ಸುಮ್ಮನಿರುತ್ತದೆ.

ಗಿಡದ ಬುಡಕ್ಕೆ ಕಲ್ಲು ಹೊದಿಸಿದರೆ

ಕೊಪ್ಪಳ, ಗದಗ ಜಿಲ್ಲೆಗಳ ಒಣಸೀಮೆಯಲ್ಲಿ ಎರೆಹೊಲದ ಮೇಲೆ ಹಳ್ಳದ ಉಸುಕು ಹರಡುವ ಹಳೆಯ ರೂಢಿ ಇದೆ. ಎರೆಮಣ್ಣಿನ ಸಂದು ಬಹಳ ಸಣ್ಣದು, ಉಸುಕಿನದು ಅದಕ್ಕಿಂತ ಎಷ್ಟೋ ದೊಡ್ಡದು. ಮಳೆ ಬಂದಾಗ ನೀರು ಉಸುಕಿನ ಸಂದುಗಳಲ್ಲಿ ಸುಲಭವಾಗಿ ಇಳಿಯುತ್ತದೆ, ಕೆಳಗಿನ ಎರೆ ಅದನ್ನು ಎಳೆದುಕೊಳ್ಳುತ್ತದೆ. ಬಿಸಿಲು ಬಂದಾಗ ಎರೆಯ ನೀರಿಗೆ ಉಸುಕನ್ನು ದಾಟಿ ಮೇಲೆ ಬರಲಾಗದು. ಒಳಗೆ ಹೋಗಲು ಬಾಗಿಲು ತೆರೆದಿದೆ, ಹೊರಬರಲು ಇಲ್ಲ. ಸ್ಪೇನಿಗೆ ಸೇರಿದ ಲಾಂಜರೋಟೆ ದ್ವೀಪದಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳಿದ ಕರಿ ಹರಳು ಹೊಲಗಳನ್ನೆಲ್ಲ ಮುಚ್ಚಿತು. ಮಳೆಯೇ ಅಪರೂಪವಾದ ಆ ನೆಲದಲ್ಲಿ ರೈತರು ಆ ಹರಳಿನ ಪದರದಲ್ಲಿ ಗುಂಡಿ ಮಾಡಿ ದ್ರಾಕ್ಷಿ ಬೆಳೆದರು, ಇಂದಿಗೂ ಬೆಳೆಯುತ್ತಿದ್ದಾರೆ. ಗೋಡೆಯನ್ನು ಕಾಯುವ ನಿಯಮವೇ ಅಲ್ಲಿ ಬೇರನ್ನು ಕಾಯುತ್ತಿದೆ.

ಹೂಪಾತಿಯ ಗಿಡಗಳ ಬುಡಕ್ಕೆ ಎರಡು ಇಂಚು ಕಲ್ಲು ಹೊದಿಸಿದರೂ ಇದೇ ಆಗುತ್ತದೆ. ನೀರು ಹಾಕುವ ಕೆಲಸ ಗಣನೀಯವಾಗಿ ಇಳಿಯುತ್ತದೆ, ಕಳೆಯೂ ಕಡಿಮೆ. ಇಲ್ಲಿ ಬೇಬಿ ಜಲ್ಲಿ ಸಾಕು. ಆದರೆ ಒಂದು ಎಚ್ಚರ ಬೇಕು. ಕಲ್ಲು ಹೊದಿಸಿದ ಮಣ್ಣು ಹೆಚ್ಚು ದಿನ ಒದ್ದೆಯಾಗಿರುತ್ತದೆ. ಆ ಹೊದಿಕೆ ಗೋಡೆಯವರೆಗೂ ಹೋಗಿ, ಅದರಡಿಯ ಒದ್ದೆಮಣ್ಣು ಗೋಡೆಗೆ ತಾಗಿದ್ದರೆ, ಗಾಳಿಗೆ ಹೋಗಲಾರದ ನೀರೆಲ್ಲ ಇಟ್ಟಿಗೆಯ ಪಾಲು. ಮೇಲಿನಿಂದ ನೋಡಿದಾಗ ಎರಡೂ ಕಡೆ ಕಾಣುವುದು ಕಲ್ಲೇ. ಗೋಡೆಯ ಪಕ್ಕದಲ್ಲಿ ಕಲ್ಲಿನ ಕೆಳಗೆ ಇಳಿಜಾರಿನ ಒಣನೆಲ ಇರಬೇಕು, ಗಿಡದ ಪಕ್ಕದಲ್ಲಿ ಕಲ್ಲಿನ ಕೆಳಗೆ ನೀರು ಹಿಡಿದ ಮಣ್ಣು ಇರಬೇಕು. ಎರಡನ್ನೂ ಬೆರೆಸಬಾರದು.

ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಾದರೆ ಬಣ್ಣದ ಮಾತನ್ನೂ ಕೇಳಬೇಕಾಗುತ್ತದೆ. ಕಪ್ಪುಕಲ್ಲು ಮಧ್ಯಾಹ್ನದ ಬಿಸಿಲನ್ನು ಹೆಚ್ಚು ಹೀರಿ, ಕತ್ತಲಾದ ಮೇಲೂ ಬಿಸಿ ಬಿಡುತ್ತಿರುತ್ತದೆ. ಪಕ್ಕದಲ್ಲಿ ಇಟ್ಟಿಗೆ ಗೋಡೆಯೂ ಅದನ್ನೇ ಮಾಡುತ್ತಿರುತ್ತದೆ. ಎಳೆಯ ಗಿಡಗಳು ಇದನ್ನು ತಾಳಲಾರವು. ತಿಳಿ ಬೂದುಬಣ್ಣದ್ದೇ ಇರಲಿ, ಗಿಡದ ಕಾಂಡದಿಂದ ಒಂದು ಗೇಣು ದೂರವಿರಲಿ.

ಈಗಾಗಲೇ ಉಪ್ಪು ಬಂದಿದ್ದರೆ

ಪಾತಿಯನ್ನು ಸರಿಸಿ ಜಲ್ಲಿಯ ಪಟ್ಟಿ ಹಾಕಿದ ಮಾತ್ರಕ್ಕೆ ಗೋಡೆ ಮರುದಿನವೇ ಒಣಗುವುದಿಲ್ಲ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡ ದುರಸ್ತಿ ಮಾಡುವವರ ಅಂದಾಜಿನ ಲೆಕ್ಕ. ಒಂಬತ್ತಿಂಚಿನ ಗೋಡೆಗೆ ಮುಕ್ಕಾಲು ವರ್ಷ. ಅಲ್ಲಿಯವರೆಗೆ ಸಡಿಲವಾದ ಗಾರೆಯನ್ನೂ ಬಣ್ಣವನ್ನೂ ಕೆರೆದು ತೆಗೆದು, ಇಟ್ಟಿಗೆಯನ್ನು ಗಾಳಿಗೆ ಬಿಟ್ಟಿರಬೇಕು. ಒಣಗುತ್ತಾ ಹೋದಂತೆ ಉಪ್ಪು ಮೊದಲಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ, ಒಳಗಿದ್ದುದು ಹೊರಗೆ ಬರುತ್ತಿದೆ. ಒಣ ಬ್ರಷ್ಷಿನಿಂದ ಉಜ್ಜಿ, ಬಿದ್ದ ಪುಡಿಯನ್ನು ಮೊರದಲ್ಲಿ ಎತ್ತಿ ದೂರ ಹಾಕಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಕ್ಕೆ ಹೋಗುತ್ತದೆ, ಪಾತಿಗೆ ಬಿದ್ದರೆ ಗಿಡದ ಬೇರಿಗೆ. ಪುಡಿ ಬರುವುದು ಪೂರ್ತಿ ನಿಂತ ಮೇಲೆ ಸುಣ್ಣದ ಗಾರೆಯಲ್ಲಿ ಗಿಲಾವು ಮಾಡಿಸಿ, ಮೇಲೆ ಉಸಿರಾಡುವ ಸುಣ್ಣದ ಬಣ್ಣವನ್ನೇ ಬಳಿಸುವುದು ಒಳ್ಳೆಯದು. ಈ ಕೆಲಸ ಶುರುಮಾಡಲು ಮಳೆಗಾಲ ಮುಗಿದ ನವೆಂಬರ್ ಸರಿಯಾದ ಕಾಲ, ಮುಂದಿನ ಏಳು ತಿಂಗಳು ಬಿಸಿಲು ಗಾಳಿ ಗೋಡೆಯ ಕಡೆಗಿರುತ್ತವೆ.